ಹುಣಸೆಹಣ್ಣು ತೊಳೆದ ಹೆಸರು

ಕೊಪ್ಪಳದ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಚಪ್ಪಲಿ ಅಂಗಡಿ ಮತ್ತು ಮೊಬೈಲ್ ರಿಪೇರಿ ಅಂಗಡಿಯ ನಡುವೆ ನನ್ನದೊಂದು ಅಂಗಡಿ ಇದೆ. ಕಪ್, ಶೀಲ್ಡ್, ಪದಕ, ನಾಮಫಲಕ, ಸನ್ಮಾನಕ್ಕೆ ಕೊಡುವ ಸ್ಮರಣಿಕೆ, ಎಲ್ಲವೂ ಸಿಗುತ್ತವೆ. ಮನುಷ್ಯರನ್ನು ನೆನಪಿನಲ್ಲಿ ಉಳಿಸುವುದೇ ನನ್ನ ವ್ಯಾಪಾರ ಎಂದು ದೊಡ್ಡದಾಗಿ ಹೇಳಿಕೊಳ್ಳಬಹುದು. ಆದರೆ ಇಷ್ಟು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ನಾನು ಕಲಿತದ್ದು ಬೇರೆಯೇ. ಯಾರೂ ಯಾರನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಕೊಟ್ಟವರ ಹೆಸರು ದೊಡ್ಡದಾಗಿ ಕಾಣಬೇಕು, ಅಷ್ಟೇ.

ಕಪ್‌ಗಳೂ ಹಾಗೆಯೇ ಬೆಳೆದುಬಿಟ್ಟಿವೆ. ಓಣಿಯ ಕ್ರಿಕೆಟ್ ಪಂದ್ಯಕ್ಕೂ ಈಗ ಎದೆಮಟ್ಟದ ಕಪ್ ಬೇಕು. ಅದರ ಒಳಗೆ ಏನೂ ಇಲ್ಲ, ಪ್ಲಾಸ್ಟಿಕ್ಕಿನ ಮೇಲೆ ಬಂಗಾರದ ಬಣ್ಣ. ಕೆಳಗಿನ ಪಟ್ಟಿಯ ಮೇಲೆ ಪ್ರಾಯೋಜಕರ ಫೋಟೋ, ಅವರ ಪಕ್ಷದ ಹಿರಿಯರ ಫೋಟೋ, ಆಮೇಲೆ ಜಾಗ ಉಳಿದರೆ ಆಟದ ಹೆಸರು. ಗೆದ್ದವರ ಹೆಸರು ಬರೆಸಲು ಯಾರೂ ಬರುವುದಿಲ್ಲ. ಬಂದರೆ ನಾನೇ ಎದ್ದು ಕುರ್ಚಿ ಕೊಟ್ಟೇನು.

ಮೊದಲು ನಾನು ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದೆ. ನಮ್ಮ ಕಡೆ ಮದುವೆಗೆ ಹಿತ್ತಾಳೆ ಕೊಡ, ಸ್ಟೀಲಿನ ಡಬ್ಬಿ ಉಡುಗೊರೆ ಕೊಡುವವರು ತಮ್ಮ ಹೆಸರು ಹಾಕಿಸದೆ ಕೊಡುವುದಿಲ್ಲ. ಸಣ್ಣ ಮಶೀನು ಗುರ್ ಎನ್ನುತ್ತ ಚುಕ್ಕೆ ಚುಕ್ಕೆಯಾಗಿ ಅಕ್ಷರ ಮೂಡಿಸುತ್ತಿತ್ತು. ಕೆಲವು ವರ್ಷಗಳಲ್ಲಿ ತಿಕ್ಕಿ ತಿಕ್ಕಿ ಅಕ್ಷರ ಮಾಸುತ್ತವೆ ಎಂದು ನನಗೆ ಗೊತ್ತಿತ್ತು. ಅದರಿಂದ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲೇ ಅಂಥ ನಷ್ಟವೊಂದು ಪ್ರತಿ ಅಮಾವಾಸ್ಯೆಗೂ ಆಗುತ್ತಿದೆ ಎಂಬುದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಮ್ಮದು ಭಾಗ್ಯನಗರ. ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಊರು. ನಮ್ಮಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ದಿನವೆಲ್ಲ ಕಾಲು ಕುಣಿಯೊಳಗೆ ಇಳಿಬಿಟ್ಟು ಕುಳಿತ ನೇಕಾರರಿಗೆ ಸಂಜೆಯಾದರೆ ಎಲ್ಲಾದರೂ ನೆಗೆದಾಡಬೇಕು ಅನ್ನಿಸುತ್ತಿತ್ತೇನೋ. ಸಾಲೆಯ ಮೈದಾನದಲ್ಲಿ ಎರಡು ಬೊಂಬು ನೆಟ್ಟು, ಬಲೆ ಕಟ್ಟಿ, ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು. ಹಳದಿ ಉಣ್ಣೆಯ ಚೆಂಡು, ನರ ಬಿಗಿದ ಕಟ್ಟಿಗೆಯ ಬ್ಯಾಟು, ಒಂದೊಂದು ಕಡೆಗೆ ಐದೈದು ಜನ. ಈಗಿನ ಮಕ್ಕಳಿಗೆ ಈ ಆಟ ಗೊತ್ತಿಲ್ಲ. ಹೇಳಿದರೆ ಶಟಲ್ ಇಲ್ಲದ ಶಟಲ್ ಆಟವೇ ಎಂದು ಕೇಳುತ್ತಾರೆ.

ನಾನು ಕೈಗೂಸಾಗಿದ್ದಾಗ ನಮ್ಮೂರಿನ ಐವರು ರಾಯಚೂರಿಗೆ ಹೋಗಿ ಗೆದ್ದು ಬಂದರು. ಆಗ ನಾವು ರಾಯಚೂರು ಜಿಲ್ಲೆಗೇ ಸೇರಿದ್ದೆವು. ನಮ್ಮೂರಿಗೆ ಯಾವ ಆಟದಲ್ಲಾದರೂ ಬಂದ ಮೊದಲ ಕಪ್ ಅದು. ಗಟ್ಟಿ ಹಿತ್ತಾಳೆಯದು, ಎರಡು ಕಿವಿಯದು, ಹೊಟ್ಟೆಯ ಮೇಲೆ ಐದೂ ಜನರ ಹೆಸರು ಕೊರೆದದ್ದು. ಅಪ್ಪ ನಾಯಕನಾಗಿದ್ದರಿಂದ ಕಪ್ ನಮ್ಮ ಮನೆಗೆ ಬಂತು. ನಮ್ಮವ್ವ ಅದನ್ನು ಜಗಲಿಯ ಮೇಲೆ ದೇವರ ಪಕ್ಕದಲ್ಲೇ ಇಟ್ಟಳು. ಅಲ್ಲಿ ಕುಳಿತ ಮೇಲೆ ಅದೂ ದೇವರ ಸಾಮಾನೇ ಆಯಿತು. ಪ್ರತಿ ಅಮಾವಾಸ್ಯೆಗೆ ದೀಪದ ಸಮೆಯ ಜೊತೆ, ಗಂಟೆಯ ಜೊತೆ, ಆರತಿ ತಟ್ಟೆಯ ಜೊತೆ ಅದಕ್ಕೂ ಹುಣಸೆಹಣ್ಣು, ಉಪ್ಪು, ಬೂದಿಯ ಸ್ನಾನ. ಅಪ್ಪ ತೀರಿಕೊಂಡ ಮೇಲೆ ಅವಳು ಇನ್ನೂ ಜೋರಾಗಿ ತಿಕ್ಕತೊಡಗಿದಳು. ಕಪ್ ಬಂಗಾರದಂತೆ ಹೊಳೆಯುತ್ತಿತ್ತು, ಬಂದವರೆಲ್ಲ ಹೊಗಳುತ್ತಿದ್ದರು.

ಮೂರು ವರ್ಷದ ಹಿಂದೆ, ಬಿಸಿಲು ಏರಿದ ಹೊತ್ತಿನಲ್ಲಿ, ಚಾಚಾ ಅಂಗಡಿಗೆ ಬಂದರು. ಆ ಐವರಲ್ಲಿ ಬದುಕಿ ಉಳಿದವರು ಅವರೊಬ್ಬರೇ. ಆಗ ಭಾಗ್ಯನಗರದಲ್ಲಿ ಬ್ಯಾಟಿಗೆ ನರ ಬಿಗಿಯುತ್ತಿದ್ದರು. ಆಮೇಲೆ ಗಂಗಾವತಿಗೆ ಹೋಗಿ ಟೇಲರ್ ಆದರು, ಈಗ ಅಲ್ಲಿಯೇ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ. ಗಂಗಾವತಿಯಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ನಾನು ಬೈದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

"ಬೇಟಾ, ಸಾಲಿ ಗ್ವಾಡಿಗೆ ಕಲ್ಲ ಹಾಕಸ್ತಾರಂತ ಕೇಳೀನಿ. ಖರೇ ಏನು?"

"ಖರೇ ಐತ್ರಿ ಚಾಚಾ. ಸಾಲಿ ಹಬ್ಬ ಮಾಡಾಕತ್ಯಾರ. ಮೊದಲ ಕಪ್ ತಂದವರು ಅಂತ ನಿಮ್ಮ ಐದೂ ಮಂದಿ ಹೆಸರ ಬರ್ತಾವು."

"ಲೆಫ್ಟ್‌ಂದೂ ಬರ್ತೈತಿ?"

"ಐದು ಅಂದ್ರ ಅವರದೂ ಬರಬೇಕಲ್ರಿ. ಅವರ ಹೆಸರೇನ್ರಿ?"

ಚಾಚಾ ನನ್ನ ಮುಖ ಇರುವ ಕಡೆಗೆ ನೋಡಿದರು. "ಅದನ್ನ ಕೇಳಾಕ ನಾ ನಿನ್ನ ಹಂತೇಕ ಬಂದೀನಿ," ಎಂದರು.

ಲೆಫ್ಟ್ ಯಾರು ಎಂದು ನಮ್ಮೂರಿನ ಹಳಬರಿಗೆಲ್ಲ ಗೊತ್ತು. ಯಲಬುರ್ಗಾ ಕಡೆಯಿಂದ ದುಡಿಯಲು ಬಂದು ಇಲ್ಲಿಯ ಹೋಟೆಲಿನಲ್ಲಿ ಚಹಾ ಕೊಡುತ್ತಿದ್ದವನು. ಹಿಂದೆ ಮುಂದೆ ಯಾರೂ ಇಲ್ಲ. ಎಡಚ. ಗಿರಾಕಿಗಳಿಗೆ ಎಡಗೈಯಿಂದ ಬಸಿ ಚಾಚಿ ದಿನವೂ ಬೈಸಿಕೊಳ್ಳುತ್ತಿದ್ದನಂತೆ. ಎಡಗೈಯಿಂದ ಕೊಟ್ಟದ್ದನ್ನು ನಮ್ಮಲ್ಲಿ ಯಾರು ತಿನ್ನುತ್ತಾರೆ? ಬೈಗುಳ ಹೆಚ್ಚಾದಾಗ ಮಾಲಕ ಅವನನ್ನು ಹಿಂದೆ ಕಪ್ಪುಬಸಿ ತೊಳೆಯಲು ಹಾಕಿದ. ಅದೇ ಕೈಯಲ್ಲಿ ಬ್ಯಾಟು ಹಿಡಿದರೆ ಮಾತ್ರ ಚೆಂಡು ಎಲ್ಲಿಂದ ಬಂತೆಂದು ಎದುರಿನವರಿಗೆ ತಿಳಿಯುತ್ತಿರಲಿಲ್ಲ. ರಾಯಚೂರಿನಲ್ಲಿ ಗೆಲ್ಲಿಸಿದವನು ಅವನೇ ಎಂದು ಅಪ್ಪನೂ ಹೇಳುತ್ತಿದ್ದ. ಆದರೆ ಅಪ್ಪನ ಬಾಯಲ್ಲೂ ಅವನು ಲೆಫ್ಟ್ ಅಷ್ಟೇ. ಅವನು ಮುಂದೆ ಕುಷ್ಟಗಿಯ ಹೋಟೆಲೊಂದಕ್ಕೆ ಹೋದ, ಅಲ್ಲಿಯೇ ಸತ್ತ. ಸುದ್ದಿ ಕೂಡ ಲಾರಿ ಡ್ರೈವರ್ ಒಬ್ಬನ ಬಾಯಿಂದ ಎಷ್ಟೋ ತಿಂಗಳ ಮೇಲೆ ಬಂತು.

"ಲೆಫ್ಟ್ ಅಂತನ ಬರಸೂಣೇನ್ರಿ?" ಎಂದೆ. ಊರಿಗೆಲ್ಲ ಗೊತ್ತಿದ್ದ ಹೆಸರು, ಅದರಲ್ಲೇನು ತಪ್ಪು ಎನ್ನಿಸಿತ್ತು.

ಚಾಚಾ ತಲೆ ಅಲ್ಲಾಡಿಸಿದರು. "ಬ್ಯಾಡ. ಇರೂತನಕ ಎಲ್ಲಾರೂ ಅವನ ಕೈಗೇ ಬೈದ್ರು. ಕಲ್ಲಿನ ಮ್ಯಾಲೂ ಕೈದ ಹೆಸರಽ ಬರೀತೀರೇನು? ಅವರವ್ವ ಒಂದ ಹೆಸರ ಇಟ್ಟಿರ್ತಾಳಲ್ಲ, ಅದು ಬೇಕು."

ಅವರು ಅಂದು ಹೇಳಿದ ಇನ್ನೊಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ರಾಯಚೂರಿನಲ್ಲಿ ಕಪ್ ಕೊಡುವಾಗ ಒಬ್ಬೊಬ್ಬರನ್ನೇ ಹೆಸರು ಹಿಡಿದು ವೇದಿಕೆಗೆ ಕರೆದರಂತೆ. ನಾಲ್ಕು ಜನ ಹೋದರು. ಐದನೆಯ ಹೆಸರು ಕರೆದರು, ಯಾರೂ ಏಳಲಿಲ್ಲ. ಮತ್ತೆ ಕರೆದರು. ಲೆಫ್ಟ್ ಕೆಳಗೆ ನಿಂತು, ಅದು ಯಾರಪ್ಪ ಎಂದು ಹಿಂದೆ ತಿರುಗಿ ನೋಡುತ್ತಿದ್ದ. ಅವನ ಹೆಸರೇ ಅವನಿಗೆ ಗುರುತು ಸಿಕ್ಕಿರಲಿಲ್ಲ.

"ಮಂದಿ ಎಲ್ಲಾ ನಕ್ರು. ನಾನೂ ನಕ್ಕೆ," ಎಂದರು ಚಾಚಾ. "ಆ ನಗು ನೆನಪೈತಿ ಬೇಟಾ, ಹೆಸರ ನೆನಪಿಲ್ಲ. ಆಮ್ಯಾಲ ಅಂವಾ ಒಂದಿನ ನಂಗ ಅಂದ, ನನ್ನ ಹೆಸರ್ಲೆ ಕರದದ್ದು ಅದೊಂದಽ ಸಲ, ಅದೂ ಕೇಳಿಸ್ಕೊಳ್ಳಿಲ್ಲ ನೋಡು ಅಂತ. ಕಲ್ಲಿನ ಮ್ಯಾಲೆ ಒಮ್ಮೆ ಬರದ್ರ ನಾ ಹೋಗಿ ಅದನ್ನ ಮುಟ್ಟಿ ಕರೀತೀನಿ."

ಕಪ್ ಇದೆಯಲ್ಲ, ಅದರ ಮೇಲೆ ಐದೂ ಹೆಸರಿವೆಯಲ್ಲ ಎಂದು ನಾನು ಧೈರ್ಯ ಹೇಳಿದೆ. ಚಾಚಾ ಉರ್ದು ಸಾಲೆಯಲ್ಲಿ ನಾಲ್ಕಕ್ಷರ ಕಲಿತವರು, ಕನ್ನಡ ಓದಲು ಬರುವುದಿಲ್ಲ. ಕಪ್ ಎಷ್ಟು ಸಲ ಕೈಯಲ್ಲಿ ಹಿಡಿದರೂ ಅವರಿಗೆ ಅದು ಬರೀ ಚುಕ್ಕೆಗಳೇ. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಕರೆದೊಯ್ದೆ. ಅಂದು ನನಗೆ ಖುಷಿಯಾಗಿತ್ತು, ಅದನ್ನು ಹೇಳಲೇಬೇಕು. ಕೊನೆಗೂ ನನ್ನ ವ್ಯಾಪಾರಕ್ಕೆ ಒಂದು ಅರ್ಥ ಬರುತ್ತಿದೆ ಅನ್ನಿಸಿತ್ತು.

ಜಗಲಿಯಿಂದ ಕಪ್ ಇಳಿಸಿ ಬಾಗಿಲ ಬೆಳಕಿಗೆ ಹಿಡಿದೆ. ನನ್ನ ಮುಖ ಕಾಣಿಸಿತು. ಅಕ್ಷರ ಕಾಣಿಸಲಿಲ್ಲ.

ಚಿಕ್ಕವನಿದ್ದಾಗ ಆ ಕಪ್ ಮೇಲಿನ ಅಕ್ಷರಗಳನ್ನು ನಾನು ಬೆರಳಿಟ್ಟು ಓದಿದ್ದೆ. ಆದರೆ ಓದಿದ್ದು ಅಪ್ಪನ ಹೆಸರನ್ನು ಮಾತ್ರ. ಬೇರೆಯವರ ಹೆಸರು ಯಾವ ಮಗ ಓದುತ್ತಾನೆ? ಈಗ ಕಸುಬಿನವನ ಬುದ್ಧಿಯೆಲ್ಲ ಖರ್ಚು ಮಾಡಿದೆ. ವಿಭೂತಿ ಹಚ್ಚಿ ಒರೆಸಿದೆ, ಕುಳಿಗಳಲ್ಲಿ ಬಿಳಿ ನಿಲ್ಲುತ್ತದೆ ಎಂದು. ಅಪ್ಪನ ಹೆಸರಿನ ಅರ್ಧ ಬಂತು. ಚಾಚಾನ ಹೆಸರಿನ ಕೊನೆಯ ಸಾಬ್ ಬಂತು. ಇನ್ನಿಬ್ಬರ ಮನೆಯವರು ಊರಲ್ಲೇ ಇದ್ದಾರೆ, ಆ ಹೆಸರುಗಳ ಚಿಂತೆ ಇರಲಿಲ್ಲ. ಐದನೆಯದು ಎಲ್ಲಕ್ಕಿಂತ ಕೆಳಗಿತ್ತು, ಪೀಠದ ಹತ್ತಿರ. ಅಲ್ಲಿ ನೀರು ನಿಂತು ಕಿಲುಬು ಹಿಡಿಯುತ್ತದೆ, ಅಲ್ಲಿಯೇ ಅವ್ವ ಹೆಚ್ಚು ತಿಕ್ಕಿದ್ದಳು. ಪರವೂರಿನವನ ಹೆಸರು ಕೊನೆಗೆ ಬರೆದಿದ್ದರು, ಕೊನೆಗೆ ಬರೆದದ್ದೇ ಮೊದಲು ಹೋಗಿತ್ತು. ಉಳಿದದ್ದು ಒಂದು ಅಕ್ಷರ, ಅದರ ಕೆಳಗೊಂದು ಒತ್ತು. ಪ್ಪ.

ನಮ್ಮ ಕಡೆ ಯಾರ ಹೆಸರಿನ ಕೊನೆಗೆ ಪ್ಪ ಇಲ್ಲ? ನಮ್ಮ ಓಣಿಯಲ್ಲಿ ನಿಂತು ಪ್ಪ ಎಂದು ಕೂಗಿದರೆ ಅರ್ಧ ಓಣಿ ಓ ಎನ್ನುತ್ತದೆ.

ಅವ್ವ ಬಾಗಿಲಲ್ಲಿ ಕುಳಿತು ಎಲ್ಲ ನೋಡುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಏನಾಯಿತೆಂದು ಕೇಳಿದಳು. ಹೇಳಿದೆ. ನನ್ನ ದನಿ ಸ್ವಲ್ಪ ಏರಿತ್ತೇನೋ. "ಹೊಲಸ ಇಟ್ಟಿದ್ರ ಛಲೋ ಇತ್ತೇನು?" ಎಂದು ಕೇಳಿದಳು. ಚಾಚಾ ಮುಂದೆ ಬಾಗಿ, "ಭಾಬಿ, ನೀವು ಇಷ್ಟ ಛಲೋ ಇಟ್ಟೀರಿ, ನಮ್ಮ ಮನ್ಯಾಗಿದ್ರ ಮಾರಿ ತಿಂತಿದ್ವಿ," ಎಂದರು. ಅವ್ವ ಒಳಗೆ ಹೋಗಿ ಚಹಾ ಇಟ್ಟಳು. ಸಕ್ಕರೆ ಹಾಕುವುದನ್ನು ಮರೆತಿದ್ದಳು, ಯಾರೂ ಹೇಳಲಿಲ್ಲ.

ಆಮೇಲೆ ಶುರುವಾಯಿತು ನಮ್ಮ ಹುಡುಕಾಟ. ಕುಷ್ಟಗಿಗೆ ಹೋದೆವು. ರಸ್ತೆಗಳು ಕೂಡುವ ಕಡೆ ಇತ್ತೆಂದು ಹೇಳಿದ ಆ ಹೋಟೆಲು ರಸ್ತೆ ಅಗಲವಾದಾಗ ಹೋಗಿತ್ತು. ಅದರ ಜಾಗದಲ್ಲಿ ದಾಳಿಂಬೆ ತುಂಬಿದ ಪ್ಲಾಸ್ಟಿಕ್ ಬುಟ್ಟಿಗಳು, ಎದುರಿಗೆ ನಿಂತ ಲಾರಿ. ಕಟ್ಟೆಯ ಮೇಲೆ ಕುಳಿತ ಮುದುಕರನ್ನು ಕೇಳಿದೆ. ಒಬ್ಬರಿಗೆ ನೆನಪಿತ್ತು.

"ಎಡಗೈಲೆ ಚಾ ಸೋಸ್ತಿದ್ದ, ಅಂವಾ ಏನ್ರಿ? ಇದ್ದ ಇದ್ದ. ಭಾಳ ಮೆತ್ತಗಿನ ಮನಷ್ಯಾ."

"ಹೆಸರೇನ್ರಿ ಅವರದು?"

"ಹೆಸರ..." ಎಂದು ಅವರು ಪಕ್ಕದವರನ್ನು ನೋಡಿದರು, ಪಕ್ಕದವರು ಇವರನ್ನು ನೋಡಿದರು. "ಏ ಎಡಚ ಅಂತಿದ್ವಿ ನೋಡ್ರಿ. ಮಣ್ಣು ಮಾಡಿದ್ದು ಮಾಲಕನಽ. ಮಾಲಕನೂ ಹೋಗ್ಯಾನ."

ಎಲ್ಲಿ ಮಣ್ಣು ಮಾಡಿದರೆಂದು ಕೇಳಿದರೆ ಕೈ ಎತ್ತಿ ಹೆದ್ದಾರಿಯ ಕಡೆ ತೋರಿಸಿದರು. ಅಲ್ಲಿ ಪೆಟ್ರೋಲ್ ಬಂಕ್ ಇತ್ತು. ಚಾಚಾ ಆ ಕಡೆಗೆ ಮುಖ ಮಾಡಿ ದುವಾ ಕೇಳಲು ಕೈ ಎತ್ತಿದವರು, ಯಾರ ಹೆಸರಿನಲ್ಲಿ ಕೇಳಿಕೊಳ್ಳಬೇಕೋ ತಿಳಿಯದೆ ಕೈ ಇಳಿಸಿಬಿಟ್ಟರು. ಯಲಬುರ್ಗಾಕ್ಕೆ ಹೋಗುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಯಲಬುರ್ಗಾ ಕಡೆ ಎಂದರೆ ಯಾವ ಕಡೆ? ಅಲ್ಲಿ ಊರುಗಳಿಗೇನು ಬರವೇ?

ಕೊನೆಯ ಆಸೆ ಹನುಮನಹಳ್ಳಿಯದು. ರಾಯಚೂರಿನ ಒಂದು ಹಳೆಯ ಕ್ಲಬ್ಬಿನ ಸಾಮಾನನ್ನು ಅಲ್ಲಿಯ ವ್ಯಾಪಾರಿಯೊಬ್ಬ ಸಗಟು ಕೊಂಡಿದ್ದಾನೆ, ಅದರಲ್ಲಿ ಗೆದ್ದವರ ಹೆಸರು ಬರೆದ ಸಾಗವಾನಿ ಹಲಗೆಗಳೂ ಇದ್ದವು ಎಂದು ನನಗೆ ಕಪ್ ಪೂರೈಸುವವನೊಬ್ಬ ಹೇಳಿದ. ಗಂಗಾವತಿಯಲ್ಲಿ ಚಾಚಾನನ್ನು ಹತ್ತಿಸಿಕೊಂಡು ಹೋದೆ. ಅಂಜನಾದ್ರಿಗೆ ಬಂದ ಭಕ್ತರು, ಬಾಡಿಗೆ ಬೈಕಿನ ಮೇಲಿನ ಪರದೇಶಿಗಳು, ಎಲ್ಲರ ನಡುವೆ ಆ ಅಂಗಡಿ. ಹಳೆಯ ಬೀಗ, ಹಳೆಯ ಅಡಕತ್ತರಿ, ಹಳೆಯ ಪದಕಗಳ ಒಂದು ಬುಟ್ಟಿ. ಯಾರೋ ಓಡಿ, ಯಾರೋ ಹಾರಿ, ಎದೆಗೆ ಹಾಕಿಕೊಂಡು ಊರೆಲ್ಲ ತಿರುಗಿದ ಪದಕಗಳು ಅಲ್ಲಿ ಬದನೆಕಾಯಿ ಹಾಗೆ ಬಿದ್ದಿದ್ದವು. ಚಾಚಾ ಬುಟ್ಟಿಯೊಳಗೆ ಕೈಹಾಕಿ ಒಂದೊಂದನ್ನೇ ಬೆರಳಲ್ಲಿ ಸವರುತ್ತ ನಿಂತರು.

ಹಲಗೆಗಳು ಇದ್ದವಂತೆ, ನಿಜ. ಒಂದು ಗೆಸ್ಟ್ ಹೌಸಿನವರು ಒಯ್ದಿದ್ದರು. ಹೋಗಿ ನೋಡಿದೆವು. ಒಳ್ಳೆಯ ಸಾಗವಾನಿ. ಬಡಿಗ ಉಜ್ಜುಗೊರಡು ಹೊಡೆದು, ಪಾಲಿಶ್ ಕುಡಿಸಿ, ಊಟದ ಮೇಜು ಮಾಡಿದ್ದ. ಒಬ್ಬ ಪ್ರವಾಸಿ ಅದರ ಮೇಲೆ ಮೊಣಕೈ ಊರಿ ದೋಸೆ ತಿನ್ನುತ್ತಿದ್ದ. ತಿರುಗಿ ಬರುವಾಗ ಅಂಗಡಿಯವನು ನಮ್ಮ ಮನೆಯ ಕಪ್ ಬಗ್ಗೆ ಕೇಳಿದ. "ಅಕ್ಷರ ಸವದೈತಿ ಅಂದ್ರ ಇನ್ನೂ ಛಲೋರಿ. ಹಳೇದು ಅನ್ನೋದು ಆಗ ಎದ್ದ ಕಾಣತೈತಿ. ಕೊಡೂದಿದ್ರ ಹೇಳ್ರಿ," ಎಂದ. ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನೂ ನಾನೂ ಒಂದೇ ಕಸುಬಿನವರು.

ಇಷ್ಟಾಗುವಾಗ ಸಾಲೆಯ ಹಬ್ಬ ಹತ್ತಿರ ಬಂತು. ಹಬ್ಬದ ಸಮಿತಿಯ ಅಧ್ಯಕ್ಷ ಕಟ್ಟಡದ ಗುತ್ತಿಗೆ ಮಾಡುವವನು, ನನಗಿಂತ ಚಿಕ್ಕವನು. ಕೆಟ್ಟವನಲ್ಲ. ಯಾರು ಕೇಳಿದರೂ ಕೈ ಬಿಚ್ಚಿ ಕೊಡುತ್ತಾನೆ, ಕೊಟ್ಟಲ್ಲೆಲ್ಲ ಹೆಸರು ಹಾಕಿಸುತ್ತಾನೆ. ನನ್ನ ದೊಡ್ಡ ಗಿರಾಕಿ. ಕಲ್ಲಿನ ಮೇಲೆ ಏನು ಬರೆಸಬೇಕೆಂದು ನಾನು ತಯಾರು ಮಾಡಿದ್ದನ್ನು ಅವನಿಗೆ ತೋರಿಸಿದೆ. ನಾಲ್ಕು ಹೆಸರು, ಐದನೆಯ ಸಾಲು ಖಾಲಿ.

"ಇದೇನಣ್ಣಾ, ಬಾಯಾಗ ಹಲ್ಲ ಬಿದ್ದಂಗ ಕಾಣತೈತಲ್ಲ."

"ಹೆಸರ ಸಿಕ್ಕಿಲ್ರಿ ಅಧ್ಯಕ್ಷರ. ಖಾಲಿ ಇರ್ಲಿ. ಒಬ್ಬಾಂವ ಇದ್ದ ಅಂತಾದ್ರೂ ಗೊತ್ತಾಗ್ತೈತಿ. ಮುಂದ ಸಿಕ್ರ ಬರಸೂಣು."

ಅವನು ಹೂಂ ಎಂದ. ಕಪ್ ಮೇಲೆ ಏನೂ ಉಳಿದಿಲ್ಲವೇ ಎಂದು ಕೇಳಿದ. ಪ್ಪ ಉಳಿದಿದೆ ಎಂದೆ. ಅವನು ಸ್ವಲ್ಪ ಯೋಚಿಸಿ, "ನಮ್ಮಪ್ಪಾರೂ ದಿನಾ ಸಂಜಿಕೆ ಗ್ರೌಂಡಿಗೆ ಬರ್ತಿದ್ರು, ನಿಮಗ ಗೊತ್ತೈತಲ್ಲ," ಎಂದ. ಗೊತ್ತಿತ್ತು. ಅವರದು ಕಿರಾಣಿ ಅಂಗಡಿ, ಊರೆಲ್ಲ ಅವರನ್ನು ಹೆಸರು ಹಿಡಿಯದೆ ಸಾವುಕಾರ್ರು ಎಂದೇ ಕರೆಯುತ್ತಿತ್ತು. ಅಂಗಡಿಯಿಂದಲೇ ಒಂದು ಕುರ್ಚಿ ತರಿಸಿ ಗೆರೆಯ ಆಚೆ ಹಾಕಿಕೊಂಡು ಕುಳಿತು ಆಟ ನೋಡುತ್ತಿದ್ದರೆಂದು ಅಪ್ಪ ಹೇಳುತ್ತಿದ್ದ. ಬ್ಯಾಟು ಮುಟ್ಟಿದವರಲ್ಲ. ಆ ಮಾತು ಅಲ್ಲಿಗೇ ಬಿಟ್ಟೆ. ಅವನು ಬಿಡಲಿಲ್ಲ.

ಕಲ್ಲು ಕುಷ್ಟಗಿಯ ಕಡೆಯ ಗ್ರಾನೈಟ್ ಕಾರ್ಖಾನೆಯಲ್ಲಿ ತಯಾರಾಯಿತು. ನನ್ನ ಕೈಯಿಂದ ಆಗುವ ಕೆಲಸವಲ್ಲ ಅದು, ಅಲ್ಲಿ ಕಂಪ್ಯೂಟರ್ ಕೊರೆಯುತ್ತದೆ. ಹಬ್ಬದ ಮುಂಜಾನೆ ಗೋಡೆಗೆ ಕೂಡಿಸಿ ಪರದೆ ಹಾಕಿದ್ದರು. ನಾನು ಪರದೆಯ ತುದಿ ಎತ್ತಿ ನೋಡಿದೆ. ಮೇಲೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಉಪಸ್ಥಿತರು, ಕಲ್ಲು ಕೊಟ್ಟವರು. ಎಲ್ಲ ಮುಗಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಐದು ಹೆಸರು. ಹೌದು, ಐದು. ಕೊನೆಯದರ ಕೊನೆಗೆ ಪ್ಪ ಇತ್ತು. ಕಿರಾಣಿ ಅಂಗಡಿಯವರ ಹೆಸರು.

ನನಗೆ ಮೈಯೆಲ್ಲ ಉರಿಯಿತು. ಅಧ್ಯಕ್ಷನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವನಿಗೆ ನಾಚಿಕೆಯೇನೂ ಆಗಲಿಲ್ಲ, ಸುಳ್ಳು ಹೇಳುತ್ತಿದ್ದೇನೆಂದೂ ಅವನಿಗೆ ಅನಿಸಿರಲಿಲ್ಲ. "ಅಣ್ಣಾ, ಪ್ಪ ತಾಳೆ ಆಗ್ತೈತಲ್ಲ. ನಮ್ಮಪ್ಪಾರು ಆಡಿರಲಿಕ್ಕಿಲ್ಲ ಅಂತ ಹೆಂಗ ಹೇಳ್ತೀರಿ? ನೀವು ಆವಾಗ ತೊಟ್ಟಲದಾಗ ಇದ್ರಿ," ಎಂದ. ಅಷ್ಟರಲ್ಲಿ ಅತಿಥಿಗಳ ಕಾರು ಬಂತು. ಅವನು ಹಾರ ಹಿಡಿದುಕೊಂಡು ಓಡಿದ.

ಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕಲ್ಲಿನ ಸುದ್ದಿ ಅವರಿಗೆ ಹೇಳಬೇಕೆಂದು ಹತ್ತಿರ ಹೋದೆ. ಮೈಕಿನಲ್ಲಿ ಆಗಲೇ ಹೆಸರು ಓದತೊಡಗಿದ್ದರು. ಅಪ್ಪನದು ಬಂತು. ಚಾಚಾನದು ಬಂತು, ಜನ ಚಪ್ಪಾಳೆ ಹೊಡೆದರು. ಐದನೆಯದು ಬಂತು. ಚಾಚಾ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ಸಿಕ್ಕಿತೇನು ಬೇಟಾ? ನಂಗ ಹೇಳೇ ಇಲ್ಲಲ್ಲ ನೀ."

ನಾನು ಬಾಯಿ ತೆರೆದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಆ ಹೆಸರನ್ನು ತಮ್ಮಷ್ಟಕ್ಕೆ ಎರಡು ಮೂರು ಸಲ ಅಂದುಕೊಂಡರು. "ಹಾಂ, ಅದಽ. ಅದಽ ನೋಡು. ಅವತ್ತ ರಾಯಚೂರಾಗ ಮೈಕಿನ್ಯಾಗ ಹಿಂಗಽ ಕೇಳಿತ್ತು," ಎಂದರು. ಅವರ ಮಂಜುಗಣ್ಣಿನಿಂದ ನೀರು ಇಳಿಯುತ್ತಿತ್ತು. "ಈ ಸಲ ಯಾರೂ ನಗಲಿಲ್ಲ," ಎಂದರು.

ನಾನು ತೆರೆದ ಬಾಯಿ ಮುಚ್ಚಿದೆ.

ಜನ ಚದುರಿದ ಮೇಲೆ ಅವರನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋದೆ. ಅವನದು ಯಾವುದು ಎಂದು ಕೇಳಿದರು. ನಾನು ಅವರ ಬೆರಳು ಹಿಡಿದು ಐದನೆಯ ಸಾಲಿನ ಮೇಲಿಟ್ಟೆ. ಬೇರೆ ಎಲ್ಲಿ ಇಡಲಿ? ಅವರು ಅಕ್ಷರಗಳ ಗುಂಡಿಯಲ್ಲಿ ಬೆರಳಾಡಿಸುತ್ತ, ಆ ಹೆಸರನ್ನು ಮೆಲ್ಲಗೆ, ಪಕ್ಕದ ಮನೆಯವನನ್ನು ಕರೆದಂತೆ ಕರೆದರು. ಅಲ್ಲಿಂದ ಬಸ್ ನಿಲ್ದಾಣದವರೆಗೂ ಅದನ್ನೇ ಅಂದುಕೊಳ್ಳುತ್ತ ಬಂದರು. ಈ ಸಲ ಮರೆಯಬಾರದಂತೆ.

ಕಪ್ ಈಗ ನಮ್ಮ ಮನೆಯಲ್ಲಿಲ್ಲ. ಸಾಲೆಯವರು ಗಾಜಿನ ಕಪಾಟಿನಲ್ಲಿಡುತ್ತೇವೆಂದು ಒಯ್ದರು. ಅವ್ವ ಬೇಡ ಅನ್ನಲಿಲ್ಲ. ಅವಳು ಅದನ್ನು ತಿಕ್ಕುವುದನ್ನು ಅದಾಗಲೇ ಬಿಟ್ಟಿದ್ದಳು. ಕಪಾಟಿನ ಕೀಲಿ ಯಾರ ಹತ್ತಿರ ಇದೆಯೋ ಯಾರಿಗೂ ಗೊತ್ತಿಲ್ಲ. ಹೋದ ವಾರ ಸಾಲೆಗೆ ಪದಕ ಕೊಡಲು ಹೋದಾಗ ಗಾಜಿನ ಹೊರಗಿನಿಂದ ನೋಡಿದೆ. ಪೀಠದ ಸುತ್ತ ಹಸಿರು ಕಿಲುಬು ಹತ್ತಿದೆ. ಇನ್ನೆರಡು ವರ್ಷಕ್ಕೆ ಆ ಪ್ಪ ಕೂಡ ಹೋಗುತ್ತದೆ. ಗೋಡೆಯ ಮೇಲಿನ ಕಲ್ಲು ಮಾತ್ರ ಗ್ರಾನೈಟಿನದು, ಅದು ನಾವೆಲ್ಲ ಹೋದ ಮೇಲೂ ಇರುತ್ತದೆ.

ಅವ್ವನೂ ಈಗ ಮೊದಲಿನ ಹಾಗಿಲ್ಲ. ಅಮಾವಾಸ್ಯೆ ಬಂದರೆ ದೇವರ ಸಾಮಾನು ತಿಕ್ಕುವ ಕೆಲಸ ನನ್ನ ಹೆಂಡತಿಯದು. ಅವಳು ಪೇಟೆಯ ಪುಡಿ ಹಾಕಿ ತೊಳೆಯುತ್ತಾಳೆ. ಅವ್ವ ದೂರದಲ್ಲಿ ಕುಳಿತು ನೋಡುತ್ತಾಳೆ.

ಚಾಚಾ ಶುಕ್ರವಾರ ನಮಾಜು ಮುಗಿಸಿ ಮೊಮ್ಮಗಳ ಕೈಯಲ್ಲಿ ಫೋನು ಹಚ್ಚಿಸುತ್ತಾರೆ. ಅಂಗಡಿ ಹೆಂಗೈತಿ, ಭಾಬಿ ಹೆಂಗದಾರ ಎಂದು ಕೇಳಿ, ಆಮೇಲೆ ಆ ಹೆಸರು ಹೇಳುತ್ತಾರೆ. ಒಂದಕ್ಷರವೂ ತಪ್ಪುವುದಿಲ್ಲ. ಇವತ್ತು ಕೂಡ ಅವನಿಗಾಗಿ ದುವಾ ಕೇಳಿದೆ, ಹೆಸರು ಹಿಡಿದು ಕೇಳಿದೆ ಎಂದು ಹೇಳುತ್ತಾರೆ. ಕುಷ್ಟಗಿಯ ಪೆಟ್ರೋಲ್ ಬಂಕಿನ ಕೆಳಗೋ, ಹೆದ್ದಾರಿಯ ಕೆಳಗೋ ಮಲಗಿದವನಿಗೆ ಈ ಲೋಕದಲ್ಲಿ ಉಳಿದದ್ದು ಈ ಮುದುಕನ ದುವಾ ಒಂದೇ. ಅದೂ ವಾರ ವಾರ ಕಿರಾಣಿ ಅಂಗಡಿಯವರ ಲೆಕ್ಕಕ್ಕೆ ಹೋಗುತ್ತಿದೆ.

"ಹೆಸರ ಸರಿ ಹೇಳಿದ್ನಲ್ಲೋ ಬೇಟಾ?" ಎಂದು ಕೊನೆಗೆ ಕೇಳುತ್ತಾರೆ.

"ಸರಿ ಐತ್ರಿ ಚಾಚಾ," ಎನ್ನುತ್ತೇನೆ.

ಅವರು ಖುಷಿಯಿಂದ ಫೋನು ಇಡುತ್ತಾರೆ.